ಪರದೆಯ ಈ ಕಡೆ

ಜೂನ್ ೧೧, ಮಂಗಳವಾರ

ಧ್ಯಾನಕೇಂದ್ರಕ್ಕೆ ಬಂದು ಐದು ದಿನ. ನಿದ್ದೆಯೇನೋ ಬರುತ್ತಿದೆ, ಪ್ರಾರ್ಥನೆ ಮಾತ್ರ ಬರುತ್ತಿಲ್ಲ. ಅದನ್ನೇ ಹೇಳಿಕೊಳ್ಳೋಣವೆಂದು ಬೆಳಿಗ್ಗೆ ಪಾಪನಿವೇದನೆಗೆ ಹೋದೆ. ಪಾದ್ರಿಯಾಗಿ ಇಪ್ಪತ್ತೆರಡು ವರ್ಷದ ಅಭ್ಯಾಸ, ಸೀದಾ ಹೋಗಿ ನಿವೇದನೆ ಕೇಳುವ ಗುರುಗಳ ಕುರ್ಚಿಯಲ್ಲೇ ಕೂತುಬಿಟ್ಟೆ! ಆಮೇಲೆ ಬಂದ ಹಿರಿಯ ಫಾದರ್ ನನ್ನನ್ನು ಎಬ್ಬಿಸಲಿಲ್ಲ. ಮಂಡಿನೋವಿದ್ದರೂ ಪರದೆಯಾಚೆ ಮೊಣಕಾಲೂರಿ ತಮ್ಮದನ್ನು ಹೇಳಿಕೊಂಡರು. ನಿವೇದನೆಯಲ್ಲಿ ಕೇಳಿದ್ದನ್ನು ಇಲ್ಲೂ ಬರೆಯುವಂತಿಲ್ಲ. ಬಾಯಿಪಾಠದ ಮಾತುಗಳಲ್ಲಿ ಕ್ಷಮೆ ಕೊಟ್ಟೆ. ಒಳಗೆ ಏನೂ ಅಲ್ಲಾಡಲಿಲ್ಲ.

"ಈಗ ಜಾಗ ಬದಲಾಯಿಸೋಣ್ವಾ?" ಅಂದರು, ಗೋಡೆ ಹಿಡಿದು ಏಳುತ್ತಾ.

"ನಾಳೆ ಬರ್ತೀನಿ ಫಾದರ್, ಇವತ್ತು ಸ್ವಲ್ಪ ಕೆಲಸ ಇದೆ."

ಕೆಲಸವಂತೆ! ಉಂಡ ತಟ್ಟೆ ತೊಳೆಯುವುದು ಬಿಟ್ಟರೆ ಇಲ್ಲಿ ನನಗೇನಿದೆ? ಊರಿನಲ್ಲಿ ನಿವೇದನೆಗೆ ಬಾರದೆ ನನ್ನ ಕಣ್ಣು ತಪ್ಪಿಸಿ ಓಡಾಡುವವರು ಚರ್ಚಿನ ಬಾಗಿಲಲ್ಲಿ ಸಿಕ್ಕಿಬಿದ್ದಾಗ ಹೇಳುವ ಮಾತೇ ಅದು. ನಂಬಿದವನಂತೆ ನಗುತ್ತಿದ್ದೆ. ಫಾದರ್ ಕೂಡ ಹಾಗೇ ನಕ್ಕರು.