ಸೋಮವಾರ ನಾನು ಉಳುವುದು

ಹೈದರಾಬಾದ್, ೧೯೫೪

ನಾರ್ವದಲ್ಲಿ ನಮ್ಮ ಹೊಲ ಕೌಲಿಗೆ, ಅಂದರೆ ಗೇಣಿಗೆ, ಉಳುವ ಮಾರೆಪ್ಪನಿಗೆ,

ಉಳುವವನಿಂದ ಹೊಲ ಬಿಡಿಸಬಾರದೆಂಬ ಕಾಯ್ದೆ ಪಾಸಾಯಿತು. ಶಾಸನಸಭೆಯಲ್ಲಿ ನಿನ್ನ ಹೆಸರು ಹೇಳಿಯೇ ಮಾತಾಡಿದೆ; ಎಲ್ಲರೂ ಮೇಜು ಕುಟ್ಟಿದರು. ಮಾಲೀಕನೇ ಉಳುತ್ತಿದ್ದರೆ ಹೊಲ ಅವನಿಗೇ ಎಂಬ ಮಾತನ್ನೂ ಸೇರಿಸಿದವನು ನಾನೇ.

ಸೋಮವಾರ ನಾನು ಉಳುವುದನ್ನು ನೋಡಲು ತಹಶೀಲ್ದಾರರು ಬರುತ್ತಾರೆ. ಎತ್ತು ನನ್ನ ಮಾತು ಕೇಳುವುದಿಲ್ಲ, ನೀನೇ ಮುಂದೆ ನಿಂತು ಹಗ್ಗ ಹಿಡಿ. ಯಾರೆಂದು ಕೇಳಿದರೆ ‘ಧಣೇರ ಕೂಲಿ ಆಳು ಅದೀನ್ರಿ’ ಅನ್ನು. ನಿನ್ನ ಗುಡಿಸಲೂ ನನ್ನ ಜಾಗದಾಗೇ ಐತಿ, ನೆನಪಿರಲಿ.

ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆದ ವರ್ಷ ಸತ್ತ ನಿನ್ನ ಮಗನ ಸಮಾಧಿ ಬದುವಿನಲ್ಲಿದೆ. ಅದನ್ನು ಕಂಡರೆ ಇಲ್ಲಿ ಉಳುತ್ತಿದ್ದವರು ಯಾರೆಂದು ತಹಶೀಲ್ದಾರರು ಕೇಳುತ್ತಾರೆ. ಹೋದ ಸಲ ಊರಿಗೆ ಬಂದಾಗ ‘ಅದೊಂದು ಮುಟ್ಟಬ್ಯಾಡ್ರಿ ಧಣಿ’ ಎಂದು ನಿನ್ನ ಹೆಂಡತಿ ನನ್ನ ಕಾಲು ಹಿಡಿದಳು. ನಾನೇಕೆ ಮುಟ್ಟಲಿ? ಭಾನುವಾರ ನೀನೇ ಅಗೆದು ಸಮ ಮಾಡಿಬಿಡು.

ರೈತರ ಸೇವಕ,
ಜಯತೀರ್ಥರಾವ್, ಶಾಸಕ