ಕರಿ ಟೇಪ್ ಅಂಟಿಸಿದ ಬಟನ್

ಬಬಲೇಶ್ವರ,
ಮಂಗಳವಾರ, 18 ನವೆಂಬರ್ 2025

ಪ್ರೀತಿಯ ಅನೂಪ,

ನಿನ್ನ ಬೆನ್ನುನೋವು ಈಗ ಹೇಗಿದೆ? ಪಣಜಿಯ ಹೋಟೆಲಿನಲ್ಲಿ ಆರಾರು ತಾಸು ನಿಂತೇ ಹಾಡು ಹಾಕುವ ಕೆಲಸ. ನಡುವೆ ಕೂರಲು ಒಂದು ಸ್ಟೂಲನ್ನಾದರೂ ಕೊಟ್ಟಿದ್ದಾರೋ ಇಲ್ಲವೋ? ನಿನ್ನ ತಂಗಿ ಗೌತಮಿ ಆರಾಮ ಇದ್ದಾಳೆ, ಪರೀಕ್ಷೆಯ ಓದಿನಲ್ಲಿದ್ದಾಳೆ. ನನ್ನ ಮೊಣಕಾಲು ಬಸ್ ಹತ್ತುವಾಗ ಮಾತ್ರ ನೋಯುತ್ತದೆ. ಈ ಪತ್ರವನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಫೋನ್ ಹಿಡಿದರೆ ನಿಮ್ಮಪ್ಪ ಪಕ್ಕದಲ್ಲೇ ಬಂದು ಕೂರುತ್ತಾರೆ, ವಾಟ್ಸಾಪ್ ಬಂದರೆ ನನಗಿಂತ ಮೊದಲು ಅವರೇ ಓದುತ್ತಾರೆ.

ವಿಷಯ ಇದು. ಇದೇ 29ರ ಶನಿವಾರ ಸಂಜೆ ಇಟ್ಟಂಗಿಹಾಳ ರಸ್ತೆಯ ಕ್ಲಬ್ಬಿನಲ್ಲಿ, ವಾರವಾರವೂ ಡಿಜೆಯಾಗಿ ಹಾಡು ಹಾಕುವಲ್ಲೇ, ನಿಮ್ಮಪ್ಪ ಎರಡು ತಾಸು ಬರೀ ಹಳೆಯ ರೆಕಾರ್ಡುಗಳನ್ನು ನುಡಿಸಲಿದ್ದಾರೆ. ಪೆನ್ ಡ್ರೈವ್ ಇಲ್ಲ, ಲ್ಯಾಪ್‌ಟಾಪ್ ಇಲ್ಲ, ರೆಕಾರ್ಡ್ ಇಟ್ಟು ನುಡಿಸುವ ಎರಡು ತಿರುಗುವ ತಟ್ಟೆ ಮಾತ್ರ. ಇದನ್ನು ಹೇಳಿದವರು ಕ್ಲಬ್ಬಿನ ಮ್ಯಾನೇಜರ್ ಅರುಣಕುಮಾರ. ಭಾನುವಾರ ಮನೆಗೇ ಬಂದು ಪೋಸ್ಟರಿನ ನಮೂನೆ ತೋರಿಸಿದರು. "ಪುಣೆದಾಗ ಹನ್ನೊಂದು ವರ್ಷ ಕ್ಲಬ್ ಕುಣಿಸಿದವ್ರು ನಮ್ಮ ಸಂಗಮೇಶ ಸರ್. ಮಷೀನ್ ಇಲ್ದ ಹೆಂಗ ಮಾಡ್ತಿದ್ರಂತ ನಮ್ಮ ಹುಡುಗ್ರೂ ಒಮ್ಮೆ ನೋಡ್ಲಿ ಬಿಡ್ರಿ ಮೇಡಂ" ಎಂದರು. ನಿಮ್ಮಪ್ಪ ಆ ಪೋಸ್ಟರನ್ನು ಕೆಳಗಿಡಲೇ ಇಲ್ಲ, ಚಹಾ ಆರಿಹೋಯಿತು.

ನಿನಗೆ ಗೊತ್ತಿಲ್ಲದ್ದನ್ನು ಈಗ ಬರೆಯುತ್ತೇನೆ. ಅವರಿಗೆ ಕಿವಿ ಕೇಳುವುದು ಕಡಿಮೆಯಾಗಿದೆ. ಮುಂದಿನ ಹಾಡಿನ ತಾಳ ಕೇಳಲು ಹೆಡ್‌ಫೋನ್ ಒತ್ತಿ ಹಿಡಿಯುವ ಎಡಗಿವಿಯದು ಹೆಚ್ಚು. ಕುಕ್ಕರಿನ ಸೀಟಿ ಅವರಿಗೆ ಕೇಳಿಸುವುದಿಲ್ಲ. ಎಡಗಡೆ ನಿಂತು ಮಾತಾಡಿದರೆ ಉತ್ತರ ಬರುವುದಿಲ್ಲ, ಬಲಗಡೆ ಹೋದರೆ "ಅಷ್ಟ್ಯಾಕ ಒದರ್ತೀ?" ಎನ್ನುತ್ತಾರೆ. ಡಾಕ್ಟರ ಹತ್ತಿರ ಹೋಗೋಣವೆಂದು ನಾಲ್ಕು ಸಲ ಕೇಳಿದ್ದೇನೆ. "ನನ್ನ ಕಿವಿ ಪರೀಕ್ಷಾ ಮಾಡಾಕ ಅವಗ ಏನ್ ತಿಳೀತೈತಿ? ಎರಡು ಹಾಡಿನ ತಾಳ ಕೂಡಿಸ್ತಾನೇನು ಅಂವ?" ಇದು ಕೊನೆಯ ಸಲದ ಉತ್ತರ.

ಇಷ್ಟು ದಿನ ಕ್ಲಬ್ಬಿನಲ್ಲಿ ಹೇಗೆ ನಡೆಯಿತು ಎಂದು ನೀನು ಕೇಳಬಹುದು. ನನಗೂ ಅದೇ ಪ್ರಶ್ನೆಯಿತ್ತು. ಅಲ್ಲಿ ಶುಕ್ರವಾರ ಹಾಡು ಹಾಕುವ ಕಾವ್ಯಾ ನಿನಗೆ ಗೊತ್ತಲ್ಲ, ತಿಕೋಟಾದ ಹುಡುಗಿ. ಶನಿವಾರ ನಿಮ್ಮಪ್ಪನ ಪಕ್ಕ ನಿಂತು ಬೆಳಕಿನ ಕೆಲಸ ಮಾಡುತ್ತಾಳೆ. ಹೋದ ವಾರ ತಿಕೋಟಾದ ಬಸ್ ಕಾಯುತ್ತಾ ನಿಂತಿದ್ದವಳು ನನ್ನನ್ನು ಕಂಡು ತಾನಾಗಿಯೇ ಹೇಳಿದಳು. ಅವರು ಮುಂದಿನ ಹಾಡು ಹುಡುಕಲು ಬಗ್ಗಿದಾಗ ಇವಳು ಸಿಂಕ್ ಬಟನ್ ಒತ್ತುತ್ತಾಳಂತೆ. ಎರಡೂ ಹಾಡಿನ ವೇಗವನ್ನು ಯಂತ್ರವೇ ಕೂಡಿಸಿಬಿಡುತ್ತದೆ. ತಮ್ಮ ಕಿವಿಯೇ ಕೂಡಿಸಿತು ಎಂದು ಅವರು ತಿಳಿದುಕೊಳ್ಳುತ್ತಾರೆ. ಒತ್ತಿದಾಗ ಬಟನ್ ಹೊಳೆಯುವುದರಿಂದ ಅದರ ಮೇಲೆ ಕರಿ ಟೇಪ್ ಅಂಟಿಸಿದ್ದಾಳೆ. ಹೀಗೆ ಏಳು ತಿಂಗಳು ನಡೆದಿದೆ.

ನನ್ನ ಮುಖ ನೋಡಿ ಆಕೆಗೇ ಆಶ್ಚರ್ಯವಾಯಿತು. "ಅದರಾಗ ಏನೈತ್ರಿ ಮೇಡಂ? ನಾನೂ ಪ್ರತಿ ಶುಕ್ರವಾರ ಒತ್ತತೇನಿ. ಯಾವ ಹಾಡಿನ ಹಿಂದ ಯಾವ್ದು ಹಾಕಬೇಕು ಅನ್ನೂದು ಸರ್‌ಗೆ ಗೊತ್ತಿದ್ದಷ್ಟು ನಮಗ್ಯಾರಿಗೂ ಗೊತ್ತಿಲ್ಲ. ತಾಳ ಕೂಡಿಸೂದು ಮಷೀನ್ ಕೆಲಸ, ಅದಕ್ಯಾಕ ಇಷ್ಟು ಜೀವಾ ತೇಯಬೇಕ್ರಿ?" ಎಂದಳು. ಅವಳು ಹೇಳಿದ್ದರಲ್ಲಿ ಕೆಟ್ಟತನವಿಲ್ಲ. ಎರಡು ವರ್ಷದ ಹಿಂದೆ ಆ ಬಟನ್ ಇರುವ ಹೊಸ ಯಂತ್ರವನ್ನು ಅವರಿಗೆ ತಂದುಕೊಟ್ಟಾಗ ನೀನೂ ಇದನ್ನೇ ಹೇಳಿದ್ದೆ. "ಬಟನ್ ಒತ್ತಾಕ ಲಿಫ್ಟಿನಾಂವ ಸಾಕಲೇ, ಡಿಜೆ ಯಾಕ ಬೇಕು?" ಎಂದು ಅವರು ಕೂಗಾಡಿದ್ದರು. ಅಂದಿನಿಂದ ನಿಮ್ಮಿಬ್ಬರ ಮಾತು "ಊಟಾತೇನು?" ಎಂಬುದರಾಚೆ ಹೋಗಿಲ್ಲ.

ತಿರುಗುವ ತಟ್ಟೆಗೆ ಸಿಂಕ್ ಬಟನ್ ಇರುವುದಿಲ್ಲ, ಕಿವಿಯಿಂದ ಕೇಳಿಯೇ ವೇಗ ಕೂಡಿಸಬೇಕು. ಅಂದು ಕಾವ್ಯಾ ಪಕ್ಕದಲ್ಲಿ ನಿಂತಿದ್ದರೂ ಏನೂ ಮಾಡಲಾರಳು. ಎರಡು ಹಾಡು ಬೇರೆಬೇರೆ ವೇಗದಲ್ಲಿ ಒಂದರ ಮೇಲೊಂದು ಬೀಳುತ್ತವೆ, ಕುಣಿಯುವವರು ನಿಲ್ಲುತ್ತಾರೆ, ಫೋನುಗಳು ಮೇಲೇಳುತ್ತವೆ. ಅದು ನಿಮ್ಮಪ್ಪನಿಗೆ ಕೊನೆಯಲ್ಲಿ ತಿಳಿಯುತ್ತದೆ, ಎಲ್ಲರ ಮುಖ ನೋಡಿ. ಅರುಣಕುಮಾರರಿಗೆ ಹೇಳಿದರೆ ಈಗಿರುವ ಶನಿವಾರದ ಕೆಲಸವೂ ಹೋಗುತ್ತದೆ. ನಿಮ್ಮಪ್ಪನಿಗೇ ಹೇಳಿದರೆ ಏಳು ತಿಂಗಳ ಸುಳ್ಳನ್ನೂ ಹೇಳಬೇಕು, ಆಮೇಲೆ ಅವರು ಕ್ಲಬ್ಬಿನ ಮೆಟ್ಟಿಲು ಹತ್ತುವುದಿಲ್ಲ. ನೀನು ಹೇಳಿದರೆ ಹಳೆಯ ಜಗಳದಲ್ಲಿ ಗೆದ್ದು ತೋರಿಸಲು ಬಂದೆ ಎಂದುಕೊಳ್ಳುತ್ತಾರೆ. ಹೇಳಬಲ್ಲವರು ಯಾರೆಂದು ಎರಡು ರಾತ್ರಿ ಯೋಚಿಸಿದೆ. ಒಂದು ಹೆಸರೂ ಹೊಳೆಯಲಿಲ್ಲ.

ಬೆಲ್ ಆಯಿತು, ಏಳನೆಯ ತರಗತಿಗೆ ಹೋಗಬೇಕು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕಿವಿಯನ್ನೂ ತೋರಿಸಿಕೊ, ಸದ್ದು ಕಡಿಮೆ ಇಟ್ಟುಕೊ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ,
ಸೌಭಾಗ್ಯ

ತಾ.ಕ.: ಬುಧವಾರ ಬೆಳಿಗ್ಗೆ, ಅಂಚೆ ಕಚೇರಿಗೆ ಹೊರಡುವ ಮುನ್ನ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ನಿಮ್ಮಪ್ಪ ಅಟ್ಟದಿಂದ ತಿರುಗುವ ತಟ್ಟೆಗಳನ್ನು ಇಳಿಸಿ, ಒರೆಸಿ, ಪಡಸಾಲೆಯಲ್ಲಿ ಜೋಡಿಸಿದರು. ನನ್ನನ್ನು ಕರೆದು ಕೂರಿಸಿ ಎರಡು ರೆಕಾರ್ಡ್ ಕೂಡಿಸಿ ತೋರಿಸಿದರು. ಕೂಡಲಿಲ್ಲ. ಪೂರ್ತಿ ಒಂದು ನಿಮಿಷ ಒಂದರ ಡೋಲು ಇನ್ನೊಂದರ ಹಿಂದೆ ಎಡವುತ್ತಲೇ ಇತ್ತು, ಒಳಗಿನಿಂದ ಗೌತಮಿ ಬಂದು ಬಾಗಿಲಲ್ಲಿ ನಿಂತಳು. ಅವರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. "ಏನಂತಿ? ಕೈ ಹೋಗಿಲ್ಲಲ್ಲ ಇನ್ನಾ?" ಎಂದರು. ನಾನು "ಇಲ್ರಿ, ಭಾಳ ಛಲೋ ಕೂಡ್ಯಾವು" ಎಂದೆ. ಅವರು ಕೂಡಲೇ ಅರುಣಕುಮಾರರಿಗೆ ಫೋನ್ ಮಾಡಿ ಪೋಸ್ಟರ್ ಹಚ್ಚಿಸಲು ಹೇಳಿದರು. ನಾಳೆಯಿಂದ ಊರಲ್ಲಿ ಹಚ್ಚುತ್ತಾರೆ. 29ರ ಶನಿವಾರ ಸಂಜೆ ಆರಕ್ಕೆ ಸೌಂಡ್ ಚೆಕ್, ಏಳಕ್ಕೆ ಶುರು.