ಹತ್ತು ಗಂಟೆ ಹತ್ತು ನಿಮಿಷದ ಚುಚ್ಚುಮದ್ದು

ಆಸ್ಪತ್ರೆಗಳ ಮೇಲ್ವಿಚಾರಣೆಯ ಹೊಣೆ ಹೊತ್ತ ಮಾನ್ಯರೇ,

ನನ್ನ ತಂಗಿಗೆ ಕೊಡದ ಚುಚ್ಚುಮದ್ದನ್ನು ಕೊಟ್ಟೆವೆಂದು ನಿಮ್ಮ ಆಸ್ಪತ್ರೆ ಬರೆದುಕೊಂಡಿದೆ. ದೂರು ಕೊಟ್ಟರೆ ‘ದಾಖಲೆಗಳು ಕ್ರಮಬದ್ಧವಾಗಿವೆ’ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿರಿ. ನನ್ನ ಗುಮಾನಿ ಶುರುವಾಗುವುದೇ ಆ ಕ್ರಮಬದ್ಧತೆಯಿಂದ.

ತಂಗಿಗೆ ಏಳು ತಿಂಗಳಿಗೇ ನೋವು ಕಾಣಿಸಿಕೊಂಡಿತು. ಬೆಳಿಗ್ಗೆಯೇ ಕರೆತಂದೆ. ನಿಮ್ಮ ವೈದ್ಯೆ ಬಿಡಿಸಿ ಹೇಳಿದರು: “ಹೆರಿಗೆ ಮುಂದೂಡೋಕೆ ಮಾತ್ರೆ ಕೊಡ್ತೀವಿ. ಅಷ್ಟರಲ್ಲಿ ಮಗುವಿನ ಶ್ವಾಸಕೋಶ ಬಲಿಯೋಕೆ ಎರಡು ಇಂಜೆಕ್ಷನ್. ಇವತ್ತೊಂದು, ನಾಳೆ ಇದೇ ಹೊತ್ತಿಗೆ ಇನ್ನೊಂದು.” ಮಾತ್ರೆ ಬಂತು, ಸ್ಕ್ಯಾನಿಂಗ್ ಆಯಿತು, ಇಂಜೆಕ್ಷನ್ ಮಾತ್ರ ಬರಲಿಲ್ಲ. ಎಳೆಗೂಸುಗಳ ಘಟಕ ತಮ್ಮಲ್ಲಿಲ್ಲವೆಂದು ಮಧ್ಯಾಹ್ನ ದೊಡ್ಡಾಸ್ಪತ್ರೆಗೆ ಸಾಗಹಾಕಿದರು.

ಅಲ್ಲಿನ ವೈದ್ಯರು ಜೊತೆಗೆ ಕಳಿಸಿದ್ದ ಚಿಕಿತ್ಸೆಯ ಹಾಳೆ ನೋಡಿ, “ಮೊದಲನೇದು ಆಗಿದೆ. ಇನ್ನೊಂದು ನಾಳೆ ಹತ್ತಕ್ಕೆ,” ಎಂದರು.

“ಇಲ್ಲ ಡಾಕ್ಟ್ರೇ, ನಂಗೆ ಯಾರೂ ಚುಚ್ಚಲೇ ಇಲ್ಲ,” ಎಂದಳು ತಂಗಿ.

“ನೋವಲ್ಲಿ ಗೊತ್ತಾಗಿರಲ್ಲಮ್ಮ. ಸಹಿ ಇದೆಯಲ್ಲ.”

ಸಹಿಯ ಮುಂದೆ ಬಸುರಿಯ ಮಾತಿಗೇನು ಕಿಮ್ಮತ್ತು? ಮಾರನೆಯ ಬೆಳಿಗ್ಗೆ ಹತ್ತಾಗುವ ಮುಂಚೆಯೇ ಮಗು ಹುಟ್ಟಿತು. ಅಳಲಿಲ್ಲ. ಹನ್ನೊಂದು ದಿನ ಯಂತ್ರವೇ ಅದಕ್ಕೆ ಉಸಿರು ಕೊಟ್ಟಿತು.

ಮಗು ಮನೆ ಸೇರಿದ ಮೇಲೆ ಕಾಗದಗಳನ್ನು ಹರಡಿಕೊಂಡು ಕೂತೆ. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಹತ್ತು ಗಂಟೆ ಹತ್ತು ನಿಮಿಷಕ್ಕೆ, ಮೇಲ್ಮಹಡಿಯ ವಾರ್ಡಿನಲ್ಲಿ ಚುಚ್ಚಿದ್ದಾಗಿ ನಿಮ್ಮ ಹಾಳೆ ಹೇಳುತ್ತದೆ. ಕೆಳಮಹಡಿಯಲ್ಲಿ ತೆಗೆದ ಸ್ಕ್ಯಾನ್ ಚಿತ್ರದ ಮೂಲೆಯಲ್ಲಿ ಅಚ್ಚಾಗಿರುವ ಸಮಯವೂ ಹತ್ತು ಹತ್ತೇ. ಆ ಸ್ಕ್ಯಾನ್ ಕೋಣೆಯ ಬಾಗಿಲ ಹೊರಗೆ ಅವಳ ಚಪ್ಪಲಿ ಹಿಡಿದು ನಿಂತಿದ್ದವಳು ನಾನು.

ಒಬ್ಬಳೇ ಹೆಂಗಸು ಏಕಕಾಲಕ್ಕೆ ಎರಡು ಮಹಡಿಯಲ್ಲಿ ಮಲಗಬಲ್ಲಳೇ? ಇಲ್ಲವೇ, ಎಲ್ಲರ ಹಾಳೆಗೂ ಮೊದಲೇ ಸಹಿ ಜಡಿದಿಟ್ಟು, ಆಮೇಲೆ ನೆನಪಾದರೆ ಔಷಧಿ ಕೊಡುವುದು ನಿಮ್ಮಲ್ಲಿನ ಪದ್ಧತಿಯೇ? ಚುಚ್ಚಿದ್ದರೆ ಮಗು ಸಲೀಸಾಗಿ ಉಸಿರಾಡುತ್ತಿತ್ತೆಂದು ನಾನು ಆಣೆ ಇಡಲಾರೆ. ಆದರೆ ಹಾಳೆಯಲ್ಲಿ ಸಹಿಯ ಜಾಗ ಖಾಲಿ ಬಿಟ್ಟಿದ್ದರೂ ಸಾಕಿತ್ತು, ದೊಡ್ಡಾಸ್ಪತ್ರೆಯವರು ಅಂದೇ ಚುಚ್ಚುತ್ತಿದ್ದರು.

ಆ ದಿನದ ಔಷಧಿ ದಾಸ್ತಾನು ಪುಸ್ತಕವನ್ನು ನಮ್ಮೆದುರೇ ತೆರೆಸಿ. ಸಹಿ ಹಾಕಿದವರನ್ನು ತಂಗಿಯ ಮುಂದೆ ಕೂರಿಸಿ. ಯಾವ ತೊಡೆಗೆ ಚುಚ್ಚಿದರೆಂದು ಅವರೇ ಹೇಳಲಿ. ಮಗು ಮಲಗಿದಾಗ ಅವಳು ಈಗಲೂ ಅದರ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಾಳೆ. ನಾಳೆ ಅದೇ ವಾರ್ಡಿಗೆ ಇನ್ನೊಬ್ಬಳು ಬರುತ್ತಾಳೆ. ಅವಳ ಹಾಳೆ ಈಗಾಗಲೇ ತುಂಬಿದೆಯೋ ಏನೋ.

ಇಂತಿ,
ನಂಬಿ ಕೆಟ್ಟು, ಈಗ ಲಸಿಕೆಯ ಸೀಸೆಯನ್ನೂ ಕೈಗೆ ಇಸಿದುಕೊಂಡು ಓದುವ
ಒಬ್ಬ ದೊಡ್ಡಮ್ಮ